ಖಂಡೇನವಮಿಯ ಮಧ್ಯಾಹ್ನ ಮಾತಾಡಿದ ಮಷೀನು

“ಮಷೀನು ಸುಳ್ಳು ಹೇಳುವುದಿಲ್ಲ ಭೀಮರಾಯರೇ,” ಎನ್ನುತ್ತಾ ಶೇಖರ ಪೆನ್ನಿನ ಕ್ಯಾಪು ತೆಗೆದ. “ಸುಳ್ಳು ಹೇಳುವುದು ಮನುಷ್ಯರು ಮಾತ್ರ.”

“ಹಾಗಾದರೆ ಮನುಷ್ಯರನ್ನು ಬಿಟ್ಟು ಮಷೀನನ್ನೇ ವಿಚಾರಣೆ ಮಾಡೋಣ,” ಎಂದೆ ನಾನು. “ಅಲ್ಲಿಯವರೆಗೆ ಪೆನ್ನು ಮುಚ್ಚಿಡಿ, ಮಸಿ ಒಣಗುತ್ತದೆ.”

ಅವನು ಮುಚ್ಚಲಿಲ್ಲ. ಮುಂದಿದ್ದ ಪೊಲೀಸ್ ಕಂಪ್ಲೇಂಟಿಗೆ ಅವನ ಸಹಿ ಒಂದು ಬಿದ್ದರೆ ಸಾಕಿತ್ತು. ಶೀಲಾವತಿಯನ್ನು ಕರೆದೊಯ್ಯಲು ಠಾಣೆಯ ಜೀಪು ಕಾರ್ಖಾನೆಯ ಗೇಟಿನ ಹೊರಗೇ ನಿಂತಿತ್ತು, ಕಾನ್‌ಸ್ಟೇಬಲ್ಲುಗಳು ಇನ್ನೊಂದು ಅರ್ಧ ಗ್ಲಾಸಿನ ಕಟಿಂಗ್ ಚಹಾ ಹೇಳಿದ್ದರು.

ಕಾರಣ ಇಷ್ಟೇ: ಭಾಂಡುಪ್‌ನ ಅರುಣಪ್ರಭಾ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ನಪಾಸಾದ ಇಂಜೆಕ್ಷನ್ನಿನ ಬ್ಯಾಚೊಂದು ದಾದರ್ ಕಚೇರಿಯ ಕಂಪ್ಯೂಟರಿನಲ್ಲಿ ಪಾಸಾಗಿ, ಆಸ್ಪತ್ರೆಗೆ ಹೋಗಿ, ರೋಗಿಗಳನ್ನು ಚಳಿಜ್ವರದಲ್ಲಿ ನಡುಗಿಸಿತ್ತು. ‘ಪಾಸು’ ಎಂಬ ಸುದ್ದಿ ದಾದರಿಗೆ ಹೋದದ್ದು ಶೀಲಾವತಿ ನಡೆಸುವ, ದಾದರಿಗೆ ತಂತಿ ಜೋಡಿಸಿದ ಲ್ಯಾಬಿನ ಟೈಪ್‌ಮಷೀನಿನ ಹೆಸರಿನಲ್ಲಿ.

ಶೀಲಾವತಿ ಅದೇ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಬೆಳಗಿನಿಂದ ಅವಳು ಆಡಿದ ಮಾತು ಒಂದೇ: ನಾನು ಕಳಿಸಿಲ್ಲ. ಅವಳ ಹಿಂದೆ ಭುಜದ ಮೇಲೆ ಕೈಯಿಟ್ಟು ನಿಂತಿದ್ದವಳು ಅತ್ತೆ ರಾಚವ್ವ. ಆಂಟಾಪ್ ಹಿಲ್‌ನಿಂದ ಲೋಕಲ್ ಹಿಡಿದು, ದಾದರ್ ಸ್ಟೇಷನ್ನಿನ ಎದುರಿನ ನನ್ನ ಪತ್ತೇದಾರಿ ಖೋಲಿಗೆ ಬಂದು, “ನನ್ನ ಸೊಸಿ ಕಳ್ಳಿ ಅಲ್ಲ, ನೀವು ಅದನ್ನ ಎಲ್ಲಾರ ಮುಂದ ಹೇಳಬೇಕು” ಎಂದು ಅಪ್ಪಣೆ ಕೊಟ್ಟವಳು ಇವಳೇ. ಅವಳ ಮಗ, ಶೀಲಾವತಿಯ ಗಂಡ ಬಸವಂತಪ್ಪ ಇದೇ ಕಾರ್ಖಾನೆಯ ವೈರ್‌ಮನ್. ದಸರೆ ಮುಗಿಯುತ್ತಲೇ ಕಂಪನಿ ಅವನನ್ನು ಪುಣೆಗೆ ಕಳಿಸಿತ್ತು. ಅವನಿಲ್ಲದಾಗ ಸೊಸೆಯ ಮೇಲೆ ಬಂದ ಆಪತ್ತಿಗೆ ತಾನೇ ಎದೆಗೊಟ್ಟು ನಿಂತಿದ್ದಳು ಮುದುಕಿ. ಸೊಸೆಯರನ್ನು ಹಿಂಡುವ ಅತ್ತೆಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇಂಥವಳನ್ನು ನೋಡಿದ್ದು ಮೊದಲ ಸಲ, ಹಾಗಾಗಿ ಕೇಸು ಒಪ್ಪಿಕೊಂಡೆ.

ಇನ್ನು ಶೇಖರ. ಉಡುಪಿಯ ಕಡೆಯವನು, ದಾದರಿನ ಕಂಪ್ಯೂಟರು ಅವನ ಉಸ್ತುವಾರಿ. ಕಂಪ್ಯೂಟರಿನ ಬಗ್ಗೆ ಯಾರಾದರೂ ಎರಡು ಮಾತು ಕೇಳಿದರೆ ನಾಲ್ಕು ತಾಸು ಹೇಳುವ ಆಸೆ ಅವನದು. ಅಂಥವರನ್ನು ನಾನು ಬಹಳ ಇಷ್ಟಪಡುತ್ತೇನೆ. ಬಾಯಿ ಬಿಡಿಸುವ ಶ್ರಮ ಉಳಿಯುತ್ತದೆ.

“ನನಗೆ ಒಂದು ತಿಳಿಯುವುದಿಲ್ಲ,” ಎಂದೆ. “ದಾದರಿನಿಂದ ಇಲ್ಲಿಯ ಮಷೀನುಗಳಿಗೆ ಅಂತ ಒಂದೇ ಟೆಲಿಫೋನ್ ತಂತಿ. ಆ ತಂತಿಗೆ ಗೋಡೌನಿನದು, ಲ್ಯಾಬಿನದು, ಪ್ಯಾಕಿಂಗಿನದು ಅಂತ ಮೂರು ಮಷೀನು. ಮೂರೂ ಒಟ್ಟಿಗೆ ಬಾಯಿ ತೆಗೆದರೆ ಸಂತೆ ಆಗುವುದಿಲ್ಲವಾ?”

ಪೆನ್ನು ಕೆಳಗೆ ಬಂತು. “ಅದೇ ಇರುವುದು ಮಾರಾಯ್ರೆ. ತಾನಾಗಿ ಬಾಯಿ ತೆಗೆಯಲಿಕ್ಕೆ ಯಾರಿಗೂ ಪರ್ಮಿಷನ್ ಇಲ್ಲ. ದಾದರು ಒಬ್ಬೊಬ್ಬರನ್ನೇ ನಂಬರು ಹಿಡಿದು ಕೇಳುತ್ತದೆ. ಒಂದು, ನಿನ್ನ ಹತ್ತಿರ ಏನಾದರೂ ಉಂಟಾ? ಇಲ್ಲ. ಎರಡು, ನಿನ್ನ ಹತ್ತಿರ? ಉಂಟು ಅಂದರೆ ತೆಗೆದುಕೊಳ್ಳುತ್ತದೆ. ಆಮೇಲೆ ಮೂರು. ಮತ್ತೆ ಒಂದು. ದಿನವಿಡೀ ಅದೇ ಕೆಲಸ ಅದಕ್ಕೆ.”

“ಸಾಲಿ ಮಾಸ್ತರ ಹಾಜರಿ ಕರದಂಗ,” ಎಂದಳು ರಾಚವ್ವ.

“ಹಾಗೇ ಅಜ್ಜಿ, ಸರಿಯಾಗಿ ಹೇಳಿದಿರಿ.”

“ಮಾಸ್ತರರಿಗೆ ಹುಡುಗರ ಮುಖ ಕಾಣುತ್ತದೆ,” ಎಂದೆ ನಾನು. “ನಿಮ್ಮ ದಾದರಿಗೆ ಕಣ್ಣಿಲ್ಲ. ಎರಡು ಅಂತ ಕರೆದಾಗ ಬೇರೆ ಯಾವನಾದರೂ ಎಸ್ ಸಾರ್ ಅಂದರೆ?”

ಶೇಖರ ಒಂದು ಗಳಿಗೆ ನನ್ನ ಮುಖ ನೋಡಿದ. “ಆಗುವುದಿಲ್ಲ. ಪ್ರತಿ ಮಷೀನಿಗೂ ಅದರದ್ದೇ ನಂಬರು. ಹಿಂಬದಿಯಲ್ಲಿ ಒಂದು ಗುಂಡಿ ಉಂಟು, ಅದರಲ್ಲಿ ಫಿಕ್ಸ್ ಮಾಡಿದ್ದೇವೆ.”

“ಫಿಕ್ಸ್ ಅಂದರೆ ತಿರುಗುವುದಿಲ್ಲ ಅಂತಲಾ?”

“ತಿರುಗುತ್ತದೆ. ಆದರೆ ಅದನ್ನು ಯಾರೂ ಮುಟ್ಟುವುದಿಲ್ಲ.”

ಬಾಗಿಲ ಹತ್ತಿರ ನಿಂತಿದ್ದ ಪ್ಯಾಕಿಂಗ್ ವಿಭಾಗದ ವಸಂತಿ ಕಿಸಕ್ಕನೆ ನಕ್ಕಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ಅವಳ ಬಾಯಲ್ಲಿ ಎಡವುತ್ತಾ ಬರುತ್ತದೆ. “ಸರ್, ಬಾರಿಶ್ ಮೇ ಲ್ಯಾಬ್‌ದು ಮಷೀನ್ ಬಂದ್ ಆಗಿತ್ತಲ್ಲ. ತಬ್ ನಮ್ದು ಮಷೀನಿನ ಗುಂಡಿ ತಿರುಗಿಸಿ ಲ್ಯಾಬಿಂದು ಎಂಟ್ರಿ ಅಲ್ಲಿಂದನೇ ಹಾಕ್ತಿದ್ರು. ಸಬ್ ಕೋ ಮಾಲೂಮ್ ಹೈ.”

“ಸಬ್ ಕೋ ಮಾಲೂಮ್ ಹೈ, ಎಲ್ಲರಿಗೂ ಗೊತ್ತಂತೆ,” ಎಂದು ನಾನೂ ಹೇಳಿದೆ, ಶೇಖರನ ಕಡೆ ತಿರುಗಿ.

ಅವನ ಮುಖ ಕೆಂಪಾಯಿತು. “ಆಯ್ತು, ತಿರುಗಿಸಿದರು ಅಂತಲೇ ಇಟ್ಟುಕೊಳ್ಳಿ. ಆದರೆ ಎರಡನೇ ನಂಬರಿನ ಅಸಲು ಮಷೀನು, ಈ ಲ್ಯಾಬಿನದು, ಚಾಲೂ ಇದ್ದರೆ ಎರಡೂ ಒಂದೇ ಕೂಗಿಗೆ ಉತ್ತರ ಕೊಡುತ್ತವೆ. ಉತ್ತರಗಳು ಡಿಕ್ಕಿ ಹೊಡೆದು ಎರಡೂ ಕೆಡುತ್ತವೆ. ಏನೂ ಬರುವುದಿಲ್ಲ ದಾದರಿಗೆ.”

“ಅಂದರೆ ಲ್ಯಾಬಿನ ಮಷೀನು ಬಂದ್ ಇರಬೇಕು.”

“ಇರಬೇಕು.”

“ಸುಳ್ಳು ಸುದ್ದಿ ದಾದರಿಗೆ ಬಂದದ್ದು ಯಾವತ್ತು?”

“ಖಂಡೇನವಮಿ, ಆಯುಧಪೂಜೆಯ ದಿನ. ಮಧ್ಯಾಹ್ನ.”

ನಾನು ಶೀಲಾವತಿಯ ಕಡೆ ನೋಡಿದೆ. ಅವಳು ತಲೆಯೆತ್ತದೆ ಹೇಳಿದಳು, “ಅವತ್ತ ಮುಂಜಾನೆ ಮಷೀನಿಗೆ ಪೂಜಿ ಮಾಡಿ ಬಂದ್ ಮಾಡಿದ್ದೆ ರೀ. ಕುಂಕುಮ ಹಚ್ಚಿದ ಮ್ಯಾಲ ಮರುದಿನ ಬನ್ನಿ ಕೊಡೂ ತನಕ ಮುಟ್ಟೂದಿಲ್ಲ. ನಮ್ಮ ಕಡೆ ಹಂಗ. ಕುಡಗೋಲು ಇರಲಿ, ಮಷೀನ್ ಇರಲಿ.”

“ಇದು ಫ್ಯಾಕ್ಟರಿ, ದೇವಸ್ಥಾನ ಅಲ್ಲ,” ಎಂದ ಶೇಖರ. “ಗೋಡೌನಿನವರೂ ಪೂಜೆ ಮಾಡಿದರು, ಪ್ಯಾಕಿಂಗಿನವರೂ ಮಾಡಿದರು. ಆರತಿ ಎತ್ತಿ ಮತ್ತೆ ಚಾಲೂ ಮಾಡಲಿಲ್ಲವಾ?”

“ಮಾಡಿದ್ವಿ,” ಎಂದ ಗೋಡೌನಿನ ಮುಖ್ಯಸ್ಥ ಕಾಶಪ್ಪ. ಬೆಳಗಾವಿ ಕಡೆಯ ದಪ್ಪ ಮನುಷ್ಯ, ದವಡೆಯಲ್ಲಿ ತಂಬಾಕು, ಮಾತಿಗೆ ಅವಸರವಿಲ್ಲ. “ನಮಗ ಲಾರಿ ನಿಂದರೂದಿಲ್ಲ ರೀ. ದೇವರಿಗೆ ಅರ್ಧಾ ತಾಸು, ಲಾರಿಗೆ ಉಳಿದಿದ್ದು.”

“ನೋಡಿ,” ಎಂದ ಶೇಖರ. “ಇವಳು ಬಂದ್ ಮಾಡಿದ್ದಕ್ಕೆ ಸಾಕ್ಷಿ ಯಾರು? ಎಲ್ಲರೂ ಊಟಕ್ಕೆ ಹೋದಾಗ ಸ್ವಿಚ್ಚು ಒತ್ತಲಿಕ್ಕೆ ಎಷ್ಟು ಹೊತ್ತು ಬೇಕು? ಕುಂಕುಮ ಹಚ್ಚಿದ್ದೇನೆ, ನಾನು ನಿರಪರಾಧಿ ಅಂತ ಕೋರ್ಟಿನಲ್ಲಿ ಹೇಳುತ್ತೀರಾ?”

ನ್ಯಾಯವಾದ ಮಾತು. ಕುಂಕುಮಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ. ಆದರೆ ನಾನು ಭಾಂಡುಪಿನವರೆಗೆ ಬಂದದ್ದು ಕುಂಕುಮದ ಬಲದಿಂದಲ್ಲ.

“ನಿಮ್ಮ ಕಂಪ್ಲೇಂಟಿನಲ್ಲಿ ಇವಳ ಮೇಲೆ ಎರಡು ತಪ್ಪು ಹೊರಿಸಿದ್ದೀರಿ,” ಎಂದೆ. “ಎರಡನೆಯದು ಯಾವುದು?”

“ಬೇಜವಾಬ್ದಾರಿ. ದಸರೆ ರಜೆ ಮುಗಿದ ಮೇಲೆ ಮೊದಲನೆಯ ಎಂಟ್ರಿಯನ್ನೇ ಕಳಿಸಲಿಲ್ಲ. ಗ್ಲೂಕೋಸ್ ಬಾಟಲಿಯ ರಿಸಲ್ಟು. ಪ್ಯಾಕಿಂಗು ಅರ್ಧ ದಿನ ಕೈಕಟ್ಟಿ ಕೂತಿತ್ತು.”

“ಕಳಿಸಿದ್ದೆ ರೀ,” ಎಂದಳು ಶೀಲಾವತಿ. “ಹಸರು ದೀಪ ಹತ್ತಿತ್ತು.”

“ಜಗಳಾ ಮಾಡಾಕ ನಾನೇ ಬಂದಿದ್ದೆ,” ಎಂದಳು ವಸಂತಿ. “ಇವಳು ನನ್ನ ಸಾಮ್ನೆ ಹೇಳಿದ್ಳು, ಹಸಿರು ದೀಪ ಬಂತು, ದಾದರಿಗೆ ಮುಟ್ಟಿದೆ ಅಂತ. ಮೈನೇ ಮಾನಾ ನಹೀಂ, ನಂಬಲಿಲ್ಲ.”

“ಶೇಖರ್ ಸಾಹೇಬರೇ,” ಎಂದೆ, “ಒಂದೇ ತಪ್ಪು ಹೊರಿಸಿದ್ದರೆ ಇವಳನ್ನು ಉಳಿಸುವುದು ನನ್ನಿಂದ ಆಗುತ್ತಿರಲಿಲ್ಲ. ಎರಡು ಹೊರಿಸಿ ಉಪಕಾರ ಮಾಡಿದ್ದೀರಿ.”

ಅವನು ಹುಬ್ಬು ಗಂಟಿಕ್ಕಿದ. ನನಗೆ ಒಳಗೊಳಗೇ ಖುಷಿ. ಇಂಥ ಗಳಿಗೆಗಾಗಿಯೇ ನಾನು ರೈಲ್ವೆಯ ತಂತಿ ಕೆಲಸ ಬಿಟ್ಟು ಈ ಧಂದೆಗೆ ಇಳಿದದ್ದು, ಮುಚ್ಚಿಡುವುದೇನು.

“ಮಷೀನಿನಿಂದ ಸುದ್ದಿ ಹೋಗುವುದು ಹೇಗೆ, ಹೇಳಿ. ಅಜ್ಜಿಗೂ ತಿಳಿಯುವ ಹಾಗೆ.”

“ಪ್ಯಾಕೆಟ್ಟಿನ ಹಾಗೆ ಕಟ್ಟಿ ಕಳಿಸುತ್ತದೆ. ಮೇಲೆ ಮಷೀನಿನ ನಂಬರು, ಒಳಗೆ ಸುದ್ದಿ, ಕೊನೆಗೆ ಲೆಕ್ಕದ ಒಂದು ಅಂಕಿ. ದಾರಿಯಲ್ಲಿ ಒಂದಕ್ಷರ ಕೆಟ್ಟರೂ ಆ ಅಂಕಿ ತಾಳೆಯಾಗುವುದಿಲ್ಲ, ದಾದರು ಬೇಡ ಅನ್ನುತ್ತದೆ. ತಾಳೆಯಾದರೆ ‘ಮುಟ್ಟಿತು’ ಅಂತ ಉತ್ತರ. ಆಗ ಇಲ್ಲಿ ಹಸಿರು ದೀಪ.”

“ಆ ‘ಮುಟ್ಟಿತು’ ಅನ್ನುವ ಉತ್ತರವೇ ದಾರಿಯಲ್ಲಿ ಸತ್ತರೆ? ಮಳೆಗಾಲದಲ್ಲಿ ನಿಮ್ಮ ತಂತಿ ಕರಕರ ಅನ್ನುತ್ತದಲ್ಲ.”

ಶೇಖರನ ಕಣ್ಣು ಹೊಳೆಯಿತು. ಬೇಕಾದ ಪ್ರಶ್ನೆ ಸಿಕ್ಕಿತ್ತು ಅವನಿಗೆ. “ಬುದ್ಧಿವಂತಿಕೆ ಇರುವುದೇ ಅಲ್ಲಿ. ಉತ್ತರ ಬರಲಿಲ್ಲ ಅಂದರೆ ಮಷೀನು ಅದೇ ಪ್ಯಾಕೆಟ್ಟನ್ನು ಮತ್ತೆ ಕಳಿಸುತ್ತದೆ. ದಾದರು ಅದನ್ನು ಹೊಸದು ಅಂದುಕೊಂಡರೆ ಒಂದೇ ಮಾಲು ಎರಡು ಸಲ ಜಮಾ ಆಗುತ್ತದೆ. ಹಾಗಾಗಬಾರದು ಅಂತ ಪ್ರತಿ ಪ್ಯಾಕೆಟ್ಟಿಗೂ ಒಂದು ಗುರುತು. ಒಂದಕ್ಕೆ ಎಡ, ಮುಂದಿನದಕ್ಕೆ ಬಲ, ಮತ್ತೆ ಎಡ. ಎಡ ತೆಗೆದುಕೊಂಡ ಮೇಲೆ ದಾದರು ಬಲಕ್ಕೆ ಕಾಯುತ್ತದೆ. ಮತ್ತೆ ಎಡವೇ ಬಂದರೆ, ಓಹೋ, ಇದು ಹಳೆಯದೇ ಎರಡನೇ ಸಲ ಬಂದದ್ದು ಅಂತ ಗೊತ್ತಾಗುತ್ತದೆ.”

“ಗೊತ್ತಾದ ಮೇಲೆ ಏನು ಮಾಡುತ್ತದೆ?”

“‘ಮುಟ್ಟಿತು’ ಅಂತ ಹೇಳಿ ಎಸೆದುಬಿಡುತ್ತದೆ.”

“ಹಸಿರು ದೀಪ?”

“ಹತ್ತುತ್ತದೆ.”

ಅಷ್ಟು ಹೇಳಿ ಅವನು ಲ್ಯಾಬಿನ ಮಷೀನಿನ ಕಡೆ ತಿರುಗಿದ. ತಾನೇ ತೋಡಿದ ಗುಂಡಿಯ ಅಂಚು ಅವನಿಗೆ ಕಂಡಿತ್ತು.

“ಒಳ್ಳಿನ್ಯಾಗ ಇಬ್ಬರು ಒನಕಿ ಹಾಕಿದಂಗ ಆತಲ್ಲ,” ಎಂದಳು ರಾಚವ್ವ. “ಒಂದು ನನ್ನ ಪೆಟ್ಟು, ಒಂದು ನಿನ್ನ ಪೆಟ್ಟು. ಒಬ್ಬಾಕಿ ಸರತಿ ತಪ್ಪಿದರ ಒನಕಿಗೆ ಒನಕಿ ಬಡೀತಾವ.”

“ಹೌದಬೇ. ಈಗ ಸರತಿ ಯಾರು ತಪ್ಪಿಸಿದರು ನೋಡೋಣ.” ನಾನು ಶೇಖರನ ಎದುರಿನ ಕುರ್ಚಿ ಎಳೆದು ಕೂತೆ. “ಖಂಡೇನವಮಿಯ ಹಿಂದಿನ ದಿನ ಇವಳ ಮಷೀನು ಕಳಿಸಿದ ಕೊನೆಯ ಪ್ಯಾಕೆಟ್ಟು ಎಡದ್ದು ಅಂತ ಇಟ್ಟುಕೊಳ್ಳಿ. ಮುಂದಿನದು ಬಲ. ಇವಳ ಮಷೀನಿಗೂ ಅದು ಗೊತ್ತು, ದಾದರಿಗೂ ಗೊತ್ತು. ಮಷೀನು ಬಂದ್ ಮಾಡಿದರೆ ಆ ನೆನಪು ಹೋಗುತ್ತದಾ?”

“ಇಲ್ಲ,” ಎಂದ ಮೆಲ್ಲಗೆ. “ಎಡ ಬಲ ಇಡುವುದು ಒಳಗಿನ ಒಂದು ಕೊಂಡಿ. ಬಿದ್ದಲ್ಲೇ ಇರುತ್ತದೆ.”

“ಸುಳ್ಳು ಪಾಸು ಇದೇ ಮಷೀನಿನಿಂದ ಹೋಗಿದ್ದರೆ ಇವಳ ಕೊಂಡಿ ಎಡಕ್ಕೆ ತಿರುಗುತ್ತಿತ್ತು, ದಾದರೂ ಎಡಕ್ಕೆ ತಿರುಗುತ್ತಿತ್ತು. ತಾಳ ತಪ್ಪುತ್ತಿರಲಿಲ್ಲ. ರಜೆ ಮುಗಿಸಿ ಬಂದು ಕಳಿಸಿದ ಗ್ಲೂಕೋಸ್ ನೆಟ್ಟಗೆ ಮುಟ್ಟುತ್ತಿತ್ತು. ಅದು ಮುಟ್ಟಲಿಲ್ಲ. ಯಾಕೆ?”

ಶೇಖರನ ಕಣ್ಣು ತನ್ನ ಕಂಪ್ಲೇಂಟಿನ ಹಾಳೆಯ ಮೇಲೆ ಹೋಯಿತು.

“ಯಾಕೆಂದರೆ ಇವಳ ಮಷೀನು ಕಣ್ಣುಮುಚ್ಚಿ ಕೂತಿದ್ದಾಗ ಬೇರೆ ಒಂದು ಮಷೀನು ಇವಳ ನಂಬರಿನಲ್ಲಿ ಬಲದ ಪ್ಯಾಕೆಟ್ಟು ಕಳಿಸಿಬಿಟ್ಟಿತು. ದಾದರು ಎಡಕ್ಕೆ ಕಾಯುತ್ತಾ ಕೂತಿತು. ಇದೇನೂ ಅರಿಯದ ಇವಳ ಮಷೀನು ತನ್ನ ಸರತಿಯ ಬಲವನ್ನೇ ಕಳಿಸಿತು. ದಾದರು ಹಳೆಯದು ಅಂದುಕೊಂಡು ಹಸಿರು ದೀಪ ತೋರಿಸಿ ಎಸೆಯಿತು. ಕಳೆದುಹೋದ ಆ ಒಂದು ಎಂಟ್ರಿ ಇವಳ ಬೇಜವಾಬ್ದಾರಿ ಅಲ್ಲ ಸಾಹೇಬರೇ, ಇವಳ ಸಾಕ್ಷಿ.”

ರಾಚವ್ವ ಸೊಸೆಯ ಭುಜವನ್ನು ಒಮ್ಮೆ ಒತ್ತಿದಳು. ಶೀಲಾವತಿ ಮಾತ್ರ ತಲೆಯೆತ್ತಲಿಲ್ಲ. ಅದು ನನಗೆ ಆಗಲೇ ಚುಚ್ಚಬೇಕಿತ್ತು, ಆದರೆ ಗೆಲುವಿನ ಅಮಲಿನಲ್ಲಿ ನಾನು ಅದನ್ನು ನಾಚಿಕೆ ಅಂದುಕೊಂಡೆ.

“ಲೈನ್ ಕೆಟ್ಟು ಹಾಗಾಗಿರಬಹುದು,” ಎಂದ ಶೇಖರ.

“ಲೈನ್ ಕೆಟ್ಟರೂ ಹಾಗಾಗಬಾರದು ಅಂತಲೇ ಎಡ ಬಲ ಇಟ್ಟದ್ದು ಅಂತ ಈಗ ತಾನೇ ಹೇಳಿದಿರಿ.”

“ಬಾಯಿಮಾತು ಬೇಡ. ಮಾಡಿ ತೋರಿಸಿ.”

“ನಾನು ಯಾಕೆ ತೋರಿಸಲಿ? ನೀವೇ ಮಾಡಿ. ಇಲ್ಲವಾದರೆ ನಾಳೆ ಭೀಮರಾಯ ಕೈಚಳಕ ಮಾಡಿದ ಅಂತೀರಿ.”

ಅವನು ಹಟದ ಮನುಷ್ಯ. ಎದ್ದ. ದಾದರಿಗೆ ಫೋನು ಹಚ್ಚಿ ಅಲ್ಲಿಯ ಆಪರೇಟರನ್ನು ಲೈನಿನಲ್ಲೇ ಇರಿಸಿ, ರಿಸೀವರನ್ನು ನನ್ನ ಕೈಗೆ ಕೊಟ್ಟ. ಲ್ಯಾಬಿನ ಮಷೀನು ಬಂದ್ ಮಾಡಿದ. ವಸಂತಿಯನ್ನು ಕರೆದುಕೊಂಡು ಪಕ್ಕದ ಪ್ಯಾಕಿಂಗ್ ಹಾಲಿಗೆ ಹೋದ. ಅಲ್ಲಿಯ ಮಷೀನಿನ ಕೊಂಡಿ ಬೇಕಾದ ಸರತಿಯಲ್ಲೇ ಇರುವಂತೆ ನೋಡಿಕೊಂಡು, ಹಿಂದಿನ ಗುಂಡಿಯನ್ನು ಮೂರರಿಂದ ಎರಡಕ್ಕೆ ತಿರುಗಿಸಿ, ಪರೀಕ್ಷೆಗೆಂದು ಒಂದು ಪ್ಯಾಕೆಟ್ಟು ಕಳಿಸಿದ.

“ಲ್ಯಾಬ್ ಸೇ ಆಯಾ,” ಎಂದಿತು ಫೋನಿನಲ್ಲಿ ದಾದರಿನ ದನಿ, ಲ್ಯಾಬಿನಿಂದ ಬಂತು ಅಂತ.

ಬಂದ್ ಆಗಿದ್ದ ಲ್ಯಾಬಿನ ಮಷೀನು ನನ್ನ ಕಣ್ಣೆದುರೇ ಇತ್ತು.

ಶೇಖರ ಗುಂಡಿಯನ್ನು ಮತ್ತೆ ಮೂರಕ್ಕೆ ತಂದು, ಹಿಂದಿರುಗಿ, ಲ್ಯಾಬಿನ ಮಷೀನು ಚಾಲೂ ಮಾಡಿದ. ತಾನೇ ಕೂತು ಒಂದು ಸಾಲು ಟೈಪ್ ಮಾಡಿದ. ಹಸಿರು ದೀಪ ಹತ್ತಿತು.

“ಬಂತಾ?” ಎಂದೆ ಫೋನಿನಲ್ಲಿ.

“ಕುಛ್ ನಹೀಂ ಆಯಾ.”

ಶೇಖರ ನನ್ನ ಕೈಯಿಂದ ರಿಸೀವರು ಕಿತ್ತುಕೊಂಡು ತಾನೇ ಕೇಳಿದ. ಅದೇ ಉತ್ತರ: ಏನೂ ಬಂದಿಲ್ಲ. ಅವನು ಹಸಿರು ದೀಪವನ್ನು ನೋಡುತ್ತಾ ನಿಂತ. ಒಂದು ಮಾತು ನ್ಯಾಯವಾಗಿ ಹೇಳಬೇಕು, ಅವನು ಪ್ರಾಮಾಣಿಕ. ಕಂಪ್ಲೇಂಟಿನ ಹಾಳೆಯನ್ನು ಎತ್ತಿ ತಿರುವಿ ಇಟ್ಟ.

“ಇವಳ ಮಷೀನಿನಿಂದ ಹೋದದ್ದಲ್ಲ,” ಎಂದ. “ಒಪ್ಪಿದೆ.”

ರಾಚವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ನಾ ಏನಂದಿದ್ದೆ?” ಎಂದು ಎಲ್ಲರನ್ನೂ ಕೇಳಿದಳು. ಅವಳ ಆ ಮುಖ ನೋಡಿ ನನ್ನ ಎದೆ ಹಿಗ್ಗಿತು.

ಅಲ್ಲಿಗೇ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಆದರೆ ಅರ್ಧ ಕೆಲಸ ಮಾಡಿ ಕೈ ತೊಳೆಯುವ ಜಾತಿ ನನ್ನದಲ್ಲ.

“ಇನ್ನೊಂದು ಆಟ ಉಳಿದಿದೆ,” ಎಂದೆ. “ವಸಂತಿ, ನಿನ್ನ ಮಷೀನಿನಿಂದ ಈಗ ನಿನ್ನದೇ ನಂಬರಿನಲ್ಲಿ ಒಂದು ಎಂಟ್ರಿ ಕಳಿಸಿ ಬಾ.”

ಅವಳು ಹೋಗಿ ಕಳಿಸಿದಳು. ಅಲ್ಲಿಂದಲೇ ಕೂಗಿದಳು, ಹಸಿರು ದೀಪ ಬಂತು ಅಂತ. ಶೇಖರ ಫೋನಿನಲ್ಲಿ ಕೇಳಿದ. ಕೇಳಿ ರಿಸೀವರನ್ನು ನಿಧಾನವಾಗಿ ಕೆಳಗಿಟ್ಟ.

“ಇದೂ ಬರಲಿಲ್ಲ.”

“ಬರುವುದಿಲ್ಲ. ಕಳ್ಳತನ ಮಾಡಿದ ಮಷೀನಿನ ಕೊಂಡಿಯೂ ಒಂದು ಹೆಜ್ಜೆ ಮುಂದೆ ಹೋಗಿರುತ್ತದಲ್ಲ. ತನ್ನ ಸ್ವಂತ ನಂಬರಿಗೆ ವಾಪಸು ಬಂದಾಗ ಅದರ ತಾಳವೂ ತಪ್ಪುತ್ತದೆ. ಯಾರ ಹೆಸರಿನಲ್ಲಿ ಸುಳ್ಳು ಹೇಳಿತೋ ಅವರದು ಒಂದು ಎಂಟ್ರಿ ಹೋಗುತ್ತದೆ, ಸುಳ್ಳು ಹೇಳಿದವನದೂ ಒಂದು ಹೋಗುತ್ತದೆ. ಅವನು ಒಂದರ ಬದಲು ಎರಡು ಪ್ಯಾಕೆಟ್ಟು ಕಳಿಸಿದ್ದರೆ ಎಲ್ಲರ ತಾಳವೂ ಕೂಡಿಬಿಡುತ್ತಿತ್ತು, ನಾನು ಕೈ ಹಿಸುಕಿಕೊಳ್ಳುತ್ತಾ ಮನೆಗೆ ಹೋಗಬೇಕಿತ್ತು. ಅಷ್ಟು ಬುದ್ಧಿ ಅವನಿಗಿರಲಿಲ್ಲ. ಈಗ ಹೇಳಿ, ದಸರೆಯ ನಂತರ ಮೊದಲನೆಯ ಎಂಟ್ರಿ ಕಳೆದುಕೊಂಡ ಇನ್ನೊಂದು ಮಷೀನು ಯಾವುದು?”

“ನಂದು ಬರಾಬರ್ ಹೋಯ್ತು,” ಎಂದಳು ಬಾಗಿಲಿಗೆ ಬಂದ ವಸಂತಿ, ಗಾಬರಿಯಿಂದ. “ಅವತ್ತು ಪಹಿಲಾ ವಾಲಾ ಭೀ ಹೋಯ್ತು. ಸರ್, ನೀವೇ ಹೇಳಿ.”

“ಇವಳದು ಬಂದಿತ್ತು,” ಎಂದ ಶೇಖರ. ಆಮೇಲೆ ಅವನ ದೃಷ್ಟಿ ಕಾಶಪ್ಪನ ಕಡೆ ಹೋಯಿತು. “ಗೋಡೌನಿನದು ಬರಲಿಲ್ಲ. ನಾನೇ ಫೋನು ಮಾಡಿ ಇವರಿಗೆ ಬೈದೆ. ಕಳಿಸೇನಿ ಅಂದರು. ಸುಳ್ಳು ಹೇಳಬೇಡಿ ಅಂದೆ.”

ಕಾಶಪ್ಪ ತಂಬಾಕನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ಬಹಳ ಕಂಡಿದ್ದೇನೆ. ಈ ಮನುಷ್ಯ ಮುಟ್ಟಿಕೊಳ್ಳಲಿಲ್ಲ. ಬೆವರಲಿಲ್ಲ, ಬಾಗಿಲನ್ನೂ ನೋಡಲಿಲ್ಲ. ಅದೇ ನನಗೆ ಸಿಟ್ಟು ತರಿಸಿತು.

“ನಿಮ್ಮ ಮಷೀನು, ಕಾಶಪ್ಪನವರೇ,” ಎಂದೆ.

“ನನ್ನ ಮಷೀನ್ ಹೌದು.”

“ಖಂಡೇನವಮಿ ಮಧ್ಯಾಹ್ನ ಅದರ ಮುಂದ ಯಾರಿದ್ದರು?”

“ನಾ ಇರಲಿಲ್ಲ. ಮೂರು ಲಾರಿ ಒಮ್ಮೆಲೇ ಬಂದಿದ್ದವು, ನಾ ಹೊರಗ ಹಮಾಲರ ಜೋಡಿ ಇದ್ದೆ. ಅವುಗಳ ಎಂಟ್ರಿನೂ ರಜಾ ಮುಗದ ಮ್ಯಾಲ ಹಾಕಿದ್ದು. ಬೇಕಾದರ ಹಮಾಲರನ್ನ ಕೇಳ್ರಿ, ಡ್ರೈವರನ್ನ ಕೇಳ್ರಿ.”

“ಮಷೀನಿನ ಖೋಲಿಗೆ ಬೀಗ?”

“ಪೂಜಿ ದಿನಾ ಬೀಗ ಯಾಂವ ಹಾಕ್ತಾನ? ಪ್ರಸಾದಕ್ಕ ಮಂದಿ ಬರ್ತಿರ್ತಾರ.”

“ಹಂಗಾದರ ಯಾರೂ ನೋಡಿಲ್ಲ ಅಂತೀರಿ.”

“ಹಂಗ ನಾ ಎಲ್ಲಿ ಅಂದೆ?” ಕಾಶಪ್ಪ ಕಿಟಕಿಯ ಹೊರಗೆ ತಂಬಾಕು ಉಗುಳಿ ಬಂದು ಮತ್ತೆ ತನ್ನ ಜಾಗದಲ್ಲಿ ನಿಂತ. “ಲಾರಿ ಚೀಟಿ ತರಾಕ ಒಂದ ಸಲ ಒಳಗ ಬಂದಿದ್ದೆ. ಮಷೀನ್ ಮುಂದ ಒಬ್ಬರು ಕುಂತಿದ್ದರು. ಪರಿಚಯದವರು. ಅದರಾಗ ತಪ್ಪೇನು ಕಾಣಲಿಲ್ಲ ನನಗ, ಹಂಗಾಗಿ ಯಾರ ಮುಂದೂ ಆಡಲಿಲ್ಲ. ಇವತ್ತ ನೀವು ಇಷ್ಟ ಬಿಡಿಸಿ ಹೇಳಿದ ಮ್ಯಾಲ ತಪ್ಪು ಕಾಣಾಕ ಹತ್ತೈತಿ.”

“ಹೆಸರು ಹೇಳ್ರಿ.”

“ಬ್ಯಾಡ ಬಿಡ್ರಿ ಭೀಮರಾಯರ.”

“ಹೇಳ್ರಿ. ಹೆದರಬ್ಯಾಡ್ರಿ. ಶೇಖರ್ ಸಾಹೇಬರೇ, ಹೊಸ ಹಾಳೆ ತೆಗೆದುಕೊಳ್ಳಿ, ಇವರು ಹೇಳಿದ ಹೆಸರು ಬರೆದುಕೊಳ್ಳಿ.”

ಶೇಖರ ಹಾಳೆ ತೆಗೆದ. ಪೆನ್ನಿನ ಕ್ಯಾಪು ಇನ್ನೂ ಹಾಕಿರಲಿಲ್ಲ.

ಕಾಶಪ್ಪ ನನ್ನನ್ನು ಕನಿಕರದಿಂದ ನೋಡಿದ. ಹೌದು, ಕನಿಕರದಿಂದಲೇ. ನನ್ನನ್ನು ಹಾಗೆ ಯಾರೂ ನೋಡಿರಲಿಲ್ಲ.

“ಶೀಲಾವತಿ,” ಎಂದ.

ಲ್ಯಾಬಿನ ಮಷೀನಿನಿಂದ ಅವಳನ್ನು ಬಿಡಿಸಿಕೊಂಡು, ಕೈ ಹಿಡಿದು ನಡೆಸಿಕೊಂಡು ಹೋಗಿ, ಗೋಡೌನಿನ ಮಷೀನಿನ ಮುಂದೆ ಕೂರಿಸಿದವನು ನಾನೇ. ಎರಡು ಗಳಿಗೆಯ ಹಿಂದೆ ಅವಳ ಮೇಲಿದ್ದದ್ದು ಬರೀ ಅನುಮಾನ. ಈಗ ಇದ್ದದ್ದು ಪುರಾವೆ, ಅದೂ ನನ್ನದೇ ಕೈಯಿಂದ ತಯಾರಾದದ್ದು. ತನ್ನ ಮಷೀನನ್ನು ಪೂಜೆಯ ನೆಪದಲ್ಲಿ ಬಂದ್ ಮಾಡಿ ಬೇರೆ ಮಷೀನಿನಿಂದ ಕಳಿಸಿದಳು ಎಂದು ನಾಳೆ ಯಾವ ವಕೀಲನೂ ಹೇಳಬಲ್ಲ.

“ಬಾಡ್ಯಾ, ಸುಳ್ಳ ಹೇಳ್ತಿ,” ಎಂದಳು ರಾಚವ್ವ ಕಾಶಪ್ಪನಿಗೆ. ದನಿ ಏರಿಸಿರಲಿಲ್ಲ. ಆಮೇಲೆ ಸೊಸೆಯ ಮುಂದೆ ಬಂದು ಬಾಗಿದಳು. “ಸುಳ್ಳ ಅಂತ ಹೇಳವಾ. ಒಂದ ಮಾತು ಸಾಕು.”

ಶೀಲಾವತಿ ಆ ದಿನ ಮೊದಲ ಸಲ ತಲೆಯೆತ್ತಿದಳು.

“ಸುಳ್ಳಲ್ಲತ್ತಿ. ಕುಂತಿದ್ದೆ.”

ಶೇಖರನ ಪೆನ್ನು ಹಾಳೆಯ ಮೇಲೆ ಓಡತೊಡಗಿತು. ನಾನು ಅವನ ಕೈ ಹಿಡಿದೆ. “ತಡೀರಿ. ಶೀಲಾವತಿ, ಪ್ಯಾಕೆಟ್ಟು ಕಳಿಸಿದಾಕಿ ನೀನಾ?”

“ಅಲ್ಲ ರೀ.”

“ಗುಂಡಿ ತಿರುವಿದಾಕಿ?”

“ಅದೂ ನಾನಲ್ಲ. ಪ್ರಸಾದ ಕೊಡಾಕ ಹೋಗಿದ್ದೆ. ನಾ ಹೋಗೂದರಾಗ ಎಲ್ಲಾ ಮುಗಿದಿತ್ತು. ದಾದರಿಗೆ ಹೋದದ್ದನ್ನ ತಿರುಗಿ ಕರೀಬಹುದೇನು ಅಂತ ಮಷೀನ್ ಮುಂದ ಕುಂತು ನೋಡಿದೆ. ಬರಲಿಲ್ಲ.” ಅವಳು ಶೇಖರನ ಕಡೆ ತಿರುಗಿದಳು. “ಆಮ್ಯಾಲ ಹೇಳಬೇಕಾಗಿತ್ತು. ರೋಗಿಗಳಿಗೆ ಚಳಿ ಹತ್ತಿದ್ದು ಕೇಳಿದಾಗಿಂದ ನನ್ನ ಗಂಟಲದಾಗ ಅನ್ನ ಇಳೀವಲ್ದು. ಹೇಳಲಿಲ್ಲ. ಅದು ನನ್ನ ತಪ್ಪು. ಅದಕ್ಕ ಒಯ್ಯಲಿ ನನ್ನ.”

“ಕಳಿಸಿದವರು ಯಾರು?”

ಶೀಲಾವತಿ ಮತ್ತೆ ತಲೆ ತಗ್ಗಿಸಿದಳು.

ರಾಚವ್ವ ಸೊಸೆಯ ಗದ್ದ ಹಿಡಿದು ಎತ್ತಿದಳು. “ಯಾರವಾ? ಯಾರ ಸಲುವಾಗಿ ಜೇಲಿಗೆ ಹೊಂಟಿ? ಈ ಭೀಮರಾಯರು ಬಿಡೂ ಮನಶ್ಯಾ ಅಲ್ಲ, ನೆಲದಾಗ ಇದ್ದರೂ ಅಗದು ತರ್ತಾರ. ಹೆಸರು ಹೇಳು.”

ಶೀಲಾವತಿ ಅತ್ತೆಯ ಕೈಯನ್ನು ಗದ್ದದಿಂದ ಬಿಡಿಸಿ, ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಕೇಳಬ್ಯಾಡ್ರಿ ಅತ್ತಿ. ಹೆಸರು ಕೇಳಿದರ ನೀವ ಈ ಭೀಮರಾಯರನ್ನ ಮನಿಗೆ ತಿರುಗಿ ಕಳಸ್ತೀರಿ.”

ಮುದುಕಿ ಸೊಸೆಯ ಮುಖವನ್ನೇ, ಅವಳ ಕೊರಳ ತಾಳಿಯನ್ನೇ ನೋಡುತ್ತಾ ನಿಂತಳು. ನೋಡುತ್ತಾ ನೋಡುತ್ತಾ ಅವಳ ಬಾಯಿ ಮೆಲ್ಲಗೆ ತೆರೆದು ಮತ್ತೆ ಮುಚ್ಚಿಕೊಂಡಿತು. ಸೊಸೆ ಹಿಡಿದಿದ್ದ ಕೈಯನ್ನು ಎಳೆದುಕೊಂಡು, ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು.

“ಭೀಮರಾಯರ,” ಎಂದಳು, “ನೀವಿನ್ನ ಮನಿಗೆ ಹೋಗ್ರಿ.”